ಚರ್ಮಕ್ಕೂ ಒಂದು ಪಂಚಾಂಗವಿತ್ತು

ಮುಖಕ್ಕೆ ಹಚ್ಚುತ್ತಿರುವುದನ್ನು ಯಾವಾಗ ಬದಲಿಸಬೇಕು, ಹೇಗೆ ಬದಲಿಸಬೇಕು? ಹಾಸ್ಟೆಲಿನ ಕನ್ನಡಿಗಳ ಮುಂದೆ ದಿನವೂ ಕೇಳಿಬರುವ ಈ ಪ್ರಶ್ನೆಯನ್ನು ಸೀರಮ್ಮು, ಸನ್‌ಸ್ಕ್ರೀನುಗಳ ಕಾಲದ್ದು ಎಂದುಕೊಳ್ಳುವುದು ಸಹಜ. ಹಳೆಯ ವೈದ್ಯಗ್ರಂಥಗಳನ್ನು ಓದುತ್ತ ಹೋದಾಗ ನನ್ನನ್ನು ತಡೆದು ನಿಲ್ಲಿಸಿದ್ದು ಅಲ್ಲಿನ ಲೇಪಗಳ ಪಟ್ಟಿಯಲ್ಲ. ಬದಲಾವಣೆಗೂ ಅಲ್ಲೊಂದು ಕ್ರಮ ಇತ್ತು ಎಂಬುದು.

ಸುಮಾರು ಏಳನೆಯ ಶತಮಾನದ ವಾಗ್ಭಟನ 'ಅಷ್ಟಾಂಗಹೃದಯ'ವನ್ನೇ ನೋಡಿ. ಸೂತ್ರಸ್ಥಾನದ ಎರಡನೆಯ ಅಧ್ಯಾಯ ದಿನಚರ್ಯೆ, ಮೂರನೆಯದು ಋತುಚರ್ಯೆ. ಮೊದಲನೆಯದರಲ್ಲಿ ದಿನವೂ ಅಭ್ಯಂಗ ಮಾಡು, ತಲೆ, ಕಿವಿ, ಪಾದಗಳನ್ನು ಮರೆಯಬೇಡ ಎಂಬ ವಿಧಿ ಇದೆ. ಅದರ ಬೆನ್ನಿಗೇ ನಿಷೇಧವೂ ಇದೆ: ಕಫ ಕೆರಳಿದವನಿಗೆ, ಅಜೀರ್ಣವಾದವನಿಗೆ ಎಣ್ಣೆ ಬೇಡ. ನೆಗಡಿಯಾದಾಗ ನಮ್ಮ ಮನೆಗಳಲ್ಲಿ ಎಣ್ಣೆನೀರು ಮುಂದಕ್ಕೆ ಹೋಗುವುದು ಇಂಥದೇ ತಿಳಿವಳಿಕೆಯಿಂದ. ಎರಡನೆಯ ಪಟ್ಟಿ ಋತುವಿನ ಜೊತೆ ತಿರುಗುತ್ತದೆ. ಹೇಮಂತದಲ್ಲಿ ವಾತ ಶಮನದ ಎಣ್ಣೆ, ಆ ಜಿಡ್ಡನ್ನು ತೆಗೆಯಲು ಕಷಾಯ, ಸ್ನಾನದ ಮೇಲೆ ಕೇಸರಿ ಕಸ್ತೂರಿಗಳ ಲೇಪ, ಅಗರುವಿನ ಧೂಪ. ವಸಂತ ಬಂತೆಂದರೆ ಒಣ ಪುಡಿಯಿಂದ ಮೈ ತಿಕ್ಕುವ ಉದ್ವರ್ತನ. ಗ್ರೀಷ್ಮಕ್ಕೆ ಚಂದನ, ಕರ್ಪೂರ, ಮಲ್ಲಿಗೆ.

ಈ ಪಟ್ಟಿಗಿಂತ ಮುಖ್ಯವಾದದ್ದು ಋತುಸಂಧಿಯ ಮಾತು. ಮುಗಿಯುವ ಋತುವಿನ ಕೊನೆಯ 7 ದಿನ, ಹುಟ್ಟುವ ಋತುವಿನ ಮೊದಲ 7 ದಿನ ಸೇರಿ ಹದಿನಾಲ್ಕು ದಿನದ ಹೊಸ್ತಿಲು. ಆ ಅವಧಿಯಲ್ಲಿ ಹಳೆಯ ಅಭ್ಯಾಸವನ್ನು ಸ್ವಲ್ಪಸ್ವಲ್ಪವಾಗಿ ಬಿಡಬೇಕು, ಹೊಸದನ್ನು ಸ್ವಲ್ಪಸ್ವಲ್ಪವಾಗಿ ಹಿಡಿಯಬೇಕು. ಥಟ್ಟನೆ ಬಿಟ್ಟರೆ, ಥಟ್ಟನೆ ಹಿಡಿದರೆ ಒಗ್ಗದೆ ರೋಗ ಬರುತ್ತದೆ ಎಂಬುದು ವಾಗ್ಭಟನ ಎಚ್ಚರಿಕೆ. ಮುಂದೆ ಏಳನೆಯ ಅಧ್ಯಾಯದಲ್ಲಿ ಅವನು ಲೆಕ್ಕವನ್ನೂ ಕೊಡುತ್ತಾನೆ: ಕೆಟ್ಟ ಅಭ್ಯಾಸದ ಕಾಲು ಭಾಗ ಬಿಡು, ಆ ಜಾಗಕ್ಕೆ ಒಳ್ಳೆಯದರ ಕಾಲು ಭಾಗ ತಾ, ನಡುವೆ ಒಂದು, ಎರಡು, ಮೂರು ದಿನದ ಬಿಡುವು ಇಡು. ಅಲ್ಲಿ ಮಾತು ಹೆಚ್ಚಾಗಿ ಆಹಾರದ್ದು. ಆದರೂ ದೇಹದ ಬಗೆಗಿನ ತರ್ಕ ಒಂದೇ.

ಇದನ್ನೆಲ್ಲ ಹೇಳಿ 'ನಮ್ಮವರಿಗೆ ಎಲ್ಲ ಮೊದಲೇ ಗೊತ್ತಿತ್ತು' ಎನ್ನುವವರ ಸಾಲಿನಲ್ಲಿ ನಿಲ್ಲುವ ಆಸೆ ನನಗಿಲ್ಲ. ವಾತ ಪಿತ್ತ ಕಫಗಳ ಲೋಕ ಬೇರೆ, ಇಂದಿನ ಚರ್ಮವೈದ್ಯರ ಲೋಕ ಬೇರೆ. ಅದಕ್ಕಿಂತ ದೊಡ್ಡ ಪ್ರಶ್ನೆ, ಈ ಋತುಚರ್ಯೆ ಯಾರ ಮೈಗೆ ಎಂಬುದು. ಕೇಸರಿ, ಕಸ್ತೂರಿಗಳನ್ನು ಲೇಪಿಸಿಕೊಳ್ಳುವ ಮೈ ಗದ್ದೆಯಲ್ಲಿ ಬಗ್ಗಿದ ಮೈಯಂತೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ' ಸ್ನಾನವನ್ನೂ ಲೇಪನವನ್ನೂ ರಾಜನ ಭೋಗಗಳೆಂದೇ ಬೇರೆಬೇರೆಯಾಗಿ ವರ್ಣಿಸುತ್ತದೆ. ಅದಕ್ಕೂ ನೂರು ವರ್ಷ ಮೊದಲು ಚಾವುಂಡರಾಯನು ಕನ್ನಡದಲ್ಲಿ ಬರೆದ 'ಲೋಕೋಪಕಾರ'ದಲ್ಲಿ ಅಡುಗೆ, ವೈದ್ಯ, ಜಲಶೋಧನೆಗಳ ಜೊತೆ ಸುಗಂಧದ್ರವ್ಯಗಳ ಪ್ರಕರಣವೂ ಇದೆ. ಹೆಸರಿನಲ್ಲಿ ಲೋಕವಿದ್ದರೂ ಆ ದ್ರವ್ಯಗಳು ಲೋಕಕ್ಕೆಲ್ಲ ಎಟುಕುವಂಥವಲ್ಲ.

ಬಡವರ ಮನೆಗೂ ಬಂದ ಪಂಚಾಂಗ ಹಬ್ಬದ್ದು. ಯುಗಾದಿಗೆ ಎಣ್ಣೆಸ್ನಾನ, ದೀಪಾವಳಿಯ ನರಕಚತುರ್ದಶಿಗೆ ಎಣ್ಣೆಸ್ನಾನ. ಒಂದು ಬಿಸಿಲಿನ ಹೊಸ್ತಿಲು, ಇನ್ನೊಂದು ಚಳಿಯ ಹೊಸ್ತಿಲು. ಕರಾವಳಿಯಲ್ಲಿ ತೆಂಗಿನೆಣ್ಣೆ, ಬಯಲುಸೀಮೆಯಲ್ಲಿ ಹರಳೆಣ್ಣೆಯೋ ಎಳ್ಳೆಣ್ಣೆಯೋ, ತೊಳೆಯಲು ಸೀಗೆಕಾಯಿ, ಕಡಲೆಹಿಟ್ಟು. ವರ್ಷಕ್ಕೆ ಎರಡೇ ಸಲ ಮೈತುಂಬ ಎಣ್ಣೆ ಕಂಡ ಮನೆಗಳೂ ಇದ್ದವು ಎಂಬುದನ್ನು ಈ ಚಿತ್ರದಿಂದ ಅಳಿಸಬಾರದು.

ಈ ಪಂಚಾಂಗವನ್ನು ಸಡಿಲಿಸಿದ್ದರಲ್ಲಿ ನಮ್ಮ ಹೆಮ್ಮೆಯ ವಸ್ತುವೊಂದರ ಪಾಲೂ ಇದೆ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಯುರೋಪಿಗೆ ಹೋಗಬೇಕಿದ್ದ ಮೈಸೂರಿನ ಶ್ರೀಗಂಧದ ಕೊರಡುಗಳು ಇಲ್ಲೇ ರಾಶಿಬಿದ್ದವು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ವಿಶ್ವೇಶ್ವರಯ್ಯನವರ ದಿವಾನಗಿರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಎಣ್ಣೆ ಬಟ್ಟಿ ಇಳಿಸುವ ಕೆಲಸದಲ್ಲಿ ನೆರವಾದರು; 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆ ಬಂತು. 1918ರಲ್ಲಿ ರಸಾಯನಶಾಸ್ತ್ರಜ್ಞ ಎಸ್.ಜಿ. ಶಾಸ್ತ್ರಿಯವರ ಕೈಯಲ್ಲಿ ಮೈಸೂರು ಸ್ಯಾಂಡಲ್ ಸೋಪ್ ರೂಪುಗೊಂಡಿತು. ನನಗೆ ಕುತೂಹಲದ ಸಂಗತಿ ಇಷ್ಟು: ವಾಗ್ಭಟನ ಚಳಿಗಾಲದ ಪಟ್ಟಿಯಲ್ಲಿ ಇಲ್ಲದ ಚಂದನ ಈಗ ಪುಷ್ಯಮಾಸದ ಬಚ್ಚಲಿಗೂ ಬಂತು, ವರ್ಷದ 365 ದಿನವೂ. ಸೋಪಿಗೆ ಋತುವಿಲ್ಲ. ಬಹಳ ಮನೆಗಳಿಗೆ ದಿನವೂ ನೊರೆಯಾಡುವ ಸ್ನಾನವನ್ನು ಎಟುಕಿಸಿದ್ದೂ ಸೋಪೇ, ಹಾಗಾಗಿ ನಾನು ದೂರುತ್ತಿಲ್ಲ. ಆದರೆ ಸೋಪು ಕ್ಷಾರೀಯ, ಚರ್ಮದ ಮೇಲ್ಪದರ ಕೊಂಚ ಆಮ್ಲೀಯ. ಸೆಕೆಯಲ್ಲಿ ಹಿತವಾದ ಅದೇ ಬಿಲ್ಲೆ ಚಳಿಯಲ್ಲಿ ಮೊಣಕಾಲನ್ನು ಬೂದುಬಣ್ಣಕ್ಕೆ ತಿರುಗಿಸುವುದು ಅದಕ್ಕೇ.

ಋತು ಹಿಂದೆ ಸರಿದ ಜಾಗಕ್ಕೆ ಜಾಹೀರಾತು ಬಂತು. 1975ರಲ್ಲಿ ಫೇರ್ ಅಂಡ್ ಲವ್ಲಿ ಮಾರುಕಟ್ಟೆಗಿಳಿದಾಗ ಬದಲಾಯಿಸಲು ಕಾರಣ ಹವೆಯಾಗಿರಲಿಲ್ಲ, ಚರ್ಮ ಒಡೆದದ್ದೂ ಆಗಿರಲಿಲ್ಲ; ಬಣ್ಣವೇ ಕಾರಣ. 2020ರಲ್ಲಿ ಅದರ ಹೆಸರಿನಿಂದ 'ಫೇರ್' ಹೋಗಿ 'ಗ್ಲೋ' ಬಂದಿತು. ಆ ಆಸೆಯ ಬೆನ್ನು ಹತ್ತಿದವರು ಔಷಧಿ ಅಂಗಡಿಗಳಲ್ಲಿ ಚೀಟಿಯಿಲ್ಲದೆ ಸಿಗುತ್ತಿದ್ದ, ಸ್ಟಿರಾಯ್ಡ್ ಬೆರೆತ ಟ್ಯೂಬುಗಳನ್ನು ತಿಂಗಳುಗಟ್ಟಲೆ ಹಚ್ಚಿದರು. ಮೊದಲ ವಾರಗಳಲ್ಲಿ ಮುಖ ಬೆಳಗುತ್ತದೆ. ಆಮೇಲೆ ಚರ್ಮ ತೆಳುವಾಗಿ ರಕ್ತನಾಳಗಳು ಕಾಣತೊಡಗುತ್ತವೆ, ಮೊಡವೆ ಏಳುತ್ತವೆ, ಹೆಣ್ಣುಮಕ್ಕಳ ಕೆನ್ನೆಯಲ್ಲಿ ಕೂದಲು ಮೂಡುತ್ತದೆ. ಭಾರತದ ಚರ್ಮವೈದ್ಯರು ಈ ಸ್ಥಿತಿಗೆ ಪ್ರತ್ಯೇಕ ಹೆಸರನ್ನೇ ಕೊಡಬೇಕಾಯಿತು: ಸ್ಟಿರಾಯ್ಡಿಗೆ ದಾಸನಾದ ಮುಖ. ಅವರ ಒತ್ತಾಯದ ಫಲವಾಗಿ 2018ರಲ್ಲಿ ಕೇಂದ್ರ ಸರ್ಕಾರ ಹಚ್ಚುವ ಸ್ಟಿರಾಯ್ಡ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ಷೆಡ್ಯೂಲ್ ಎಚ್‌ಗೆ ಸೇರಿಸಿತು.

ಇಲ್ಲಿ 'ಹೇಗೆ' ಎಂಬ ಪ್ರಶ್ನೆ ಬರೀ ಅಂದಚೆಂದದ್ದಲ್ಲ. ಹೆದರಿ ಟ್ಯೂಬನ್ನು ಒಂದೇ ದಿನದಲ್ಲಿ ಎಸೆದವರ ಮುಖ ಕೆಂಡದಂತೆ ಉರಿಯುತ್ತದೆ. ಉರಿ ತಾಳಲಾರದೆ ಅವರು ಮತ್ತೆ ಅದೇ ಟ್ಯೂಬನ್ನು ಕೊಳ್ಳುತ್ತಾರೆ. ಆದ್ದರಿಂದ ಎಷ್ಟೋ ಸಂದರ್ಭಗಳಲ್ಲಿ ವೈದ್ಯರು ಅದನ್ನು ಹಂತಹಂತವಾಗಿ ಬಿಡಿಸುತ್ತಾರೆ: ಮೊದಲು ಕಡಿಮೆ ತೀವ್ರತೆಯದು, ನಂತರ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೆರಡು ಸಲ, ಜೊತೆಗೆ ಸಾದಾ ಮಾಯಿಶ್ಚರೈಸರ್ ಮತ್ತು ಸನ್‌ಸ್ಕ್ರೀನ್. ಹೊಸದನ್ನು ಶುರುಮಾಡುವವರಿಗೂ ಅವರ ಸಲಹೆ ಬೇರೆಯಲ್ಲ. ಒಮ್ಮೆಗೆ ಒಂದನ್ನೇ ತನ್ನಿ, ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ನೋಡಿ, ರೆಟಿನಾಯ್ಡ್ ಆದರೆ ವಾರಕ್ಕೆ ಎರಡು ರಾತ್ರಿಯಿಂದ ಆರಂಭಿಸಿ, ಗರ್ಭಿಣಿಯಾಗಿದ್ದರೆ ಅದರ ಗೊಡವೆಯೇ ಬೇಡ. ಚರ್ಮದ ಮೇಲ್ಪದರ ಹೊಸದಾಗಲು ಹೆಚ್ಚುಕಡಿಮೆ ಒಂದು ತಿಂಗಳು ಹಿಡಿಯುವುದರಿಂದ ಅಷ್ಟು ಕಾಲವಾದರೂ ಕಾಯದೆ ಫಲಿತಾಂಶದ ತೀರ್ಪು ಬೇಡ ಎನ್ನುತ್ತಾರೆ. ಒಂದು ತಿಂಗಳು, ಅಂದರೆ ಅರ್ಧ ಋತು.