ಕಡತ ಮುಟ್ಟದ ಕಳ್ಳ

ಹಾಸನ ಜಿಲ್ಲೆಯ ಈ ಸೀಮೆಯಲ್ಲಿ ಊರಿನ ಹೆಸರುಗಳೇ ನೀರಿನ ಕತೆ ಹೇಳುತ್ತವೆ. ಅರಸಿಯ ಕೆರೆ ಅರಸೀಕೆರೆಯಾಯಿತು. ಹಳೇಬೀಡು ಹೊಯ್ಸಳರ ಕಾಲಕ್ಕೆ ದೋರಸಮುದ್ರ. 1311ರಲ್ಲಿ ಮಲಿಕ್ ಕಾಫೂರನ ದಂಡು ದೋರಸಮುದ್ರವನ್ನು ಮುತ್ತಿದಾಗ ಮೂರನೆಯ ವೀರಬಲ್ಲಾಳನು ಆನೆ, ಕುದುರೆ, ಭಂಡಾರಗಳನ್ನು ಒಪ್ಪಿಸಬೇಕಾಯಿತು. ಅದು ಹಾಡಹಗಲಿನ ಲೂಟಿ. ಕೆರೆಯೂರಿನವರಿಗೆ ಇನ್ನೊಂದು ಬಗೆಯ ಕಳವೂ ಗೊತ್ತು: ರಾತ್ರಿ ತೂಬೆತ್ತಿ ತನ್ನ ಗದ್ದೆಗೆ ನೀರು ಹಾಯಿಸಿಕೊಳ್ಳುವುದು. ಬೆಳಗಾದರೆ ಕೆರೆ ಇದ್ದಲ್ಲೇ ಇರುತ್ತದೆ. ನೀರುಗಂಟಿಯ ಕಣ್ಣಿಗೆ ಮಾತ್ರ ಮಟ್ಟ ಇಳಿದದ್ದು ಕಾಣುತ್ತದೆ.

ಕಂಪ್ಯೂಟರುಗಳಿಗೆ ಈಗ ತಗುಲಿಕೊಂಡಿರುವ ಕಳ್ಳ ಈ ಎರಡನೆಯ ಜಾತಿಯವನು. 2009ರಲ್ಲಿ ಹುಟ್ಟಿದ ಬಿಟ್‌ಕಾಯಿನ್‌ಗೆ ಬ್ಯಾಂಕಿಲ್ಲ. ಅದರ ಖಾತೆಪುಸ್ತಕವನ್ನು ಕಂಪ್ಯೂಟರುಗಳೇ ಬಿಡುವಿಲ್ಲದೆ ಲೆಕ್ಕ ಹಾಕಿ ಕಾಯುತ್ತವೆ. ಹೀಗೆ ದುಡಿದವರಿಗೆ ಹೊಸ ನಾಣ್ಯ ಸಿಗುತ್ತದೆ. ಇದಕ್ಕೇ 'ಮೈನಿಂಗ್' ಎಂಬ ಹೆಸರು. ಆದರೆ ಕರೆಂಟಿನ ಬಿಲ್ಲು ವಿಪರೀತ. 2014ರಲ್ಲಿ ಬಂದ ಮೊನೆರೊ ನಾಣ್ಯವನ್ನು ಸಾಮಾನ್ಯ ಕಂಪ್ಯೂಟರಿನಲ್ಲೂ ಗಳಿಸಬಹುದು, ಗಳಿಸಿದವರಾರೆಂದು ತಿಳಿಯುವುದೂ ಕಷ್ಟ. ಕಳ್ಳನಿಗೆ ಇನ್ನೇನು ಬೇಕು? ಯಂತ್ರ ಪರರದು, ಬಿಲ್ಲೂ ಪರರದು.

2017ರ ಸೆಪ್ಟೆಂಬರಿನಲ್ಲಿ ಕಾಯಿನ್‌ಹೈವ್ ಎಂಬ ಸೇವೆ ಆರಂಭವಾಯಿತು. ಅದರ ನಾಲ್ಕು ಸಾಲು ಸಂಕೇತವನ್ನು ಜಾಲತಾಣಕ್ಕೆ ಸೇರಿಸಿದರೆ ಸಾಕು, ನೋಡಲು ಬಂದವರ ಯಂತ್ರವೆಲ್ಲ ಮೊನೆರೊಗಾಗಿ ದುಡಿಯುತ್ತಿತ್ತು. 2018ರ ಫೆಬ್ರುವರಿಯಲ್ಲಿ, ದೃಷ್ಟಿ ಮಂದವಾದವರಿಗೆ ಪುಟಗಳನ್ನು ಓದಿ ಹೇಳುವ ತಂತ್ರಾಂಶವೊಂದರೊಳಗೆ ಯಾರೋ ಅದನ್ನು ಸೇರಿಸಿದರು. ಆ ತಂತ್ರಾಂಶ ಬಳಸುತ್ತಿದ್ದ 4 ಸಾವಿರಕ್ಕೂ ಹೆಚ್ಚು ತಾಣಗಳು ಒಂದೇ ದಿನ ಸಿಕ್ಕಿಬಿದ್ದವು. ಅದೇ ವರ್ಷ ಸೆಪ್ಟೆಂಬರಿನಲ್ಲಿ ನೆರೆಯ ಆಂಧ್ರದ ತಿರುಪತಿ ನಗರಪಾಲಿಕೆಯ ತಾಣದಲ್ಲೂ ಇದು ಪತ್ತೆಯಾಯಿತು. ಕಾಯಿನ್‌ಹೈವ್ 2019ರ ಮಾರ್ಚಿನಲ್ಲಿ ಮುಚ್ಚಿತು, ಕಸುಬು ನಿಲ್ಲಲಿಲ್ಲ.

ಈ ಚರಿತ್ರೆಯಲ್ಲಿ ಒಂದು ವಿನೋದವೂ ಉಂಟು. 2017ರ ಮೇ ತಿಂಗಳಲ್ಲಿ ಜಗತ್ತನ್ನು ನಡುಗಿಸಿದ ವಾನಾಕ್ರೈ ಹೊಕ್ಕ ವಿಂಡೋಸ್‌ನ ಬಿರುಕಿನಲ್ಲೇ ಅಡಿಲ್‌ಕಜ್ ಎಂಬ ಮೈನಿಂಗ್ ಕಳ್ಳನೂ ನುಸುಳಿದ್ದ. ಒಳಬಂದವನೇ ಬೇರೆ ಕಳ್ಳರು ಬಾರದಂತೆ ಬಾಗಿಲು ಮುಚ್ಚಿಕೊಂಡ! ಆ ಬಿರುಕಿಗೆ ಮೈಕ್ರೋಸಾಫ್ಟ್ ಮಾರ್ಚಿನಲ್ಲೇ ತೇಪೆ ಕೊಟ್ಟಿತ್ತು. ಹಾಕಿಕೊಳ್ಳದವರು ಕೆಟ್ಟರು.

ನಮ್ಮ ಕಚೇರಿಗಳ ಕಾವಲು ಮಾತ್ರ ಮೊದಲಿನಿಂದಲೂ ಕಡತದ ಮೇಲೆ. ಎರಡು ದಶಕಗಳ ಹಿಂದೆ 'ಭೂಮಿ' ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೇರಿದಾಗ, ಯಾರೂ ತಿದ್ದಬಾರದೆಂದು ಸಿಬ್ಬಂದಿಯ ಬೆರಳಚ್ಚು ಕೇಳುವ ವ್ಯವಸ್ಥೆ ಬಂತು. ಅದು ಸರಿಯಾದದ್ದೇ. ಆದರೆ ಮೈನಿಂಗ್ ಕಳ್ಳ ಪಹಣಿ ಮುಟ್ಟುವುದಿಲ್ಲ. ಬೇಲೂರಿನ ತಾಲ್ಲೂಕು ಕಚೇರಿಯಾಗಲಿ, ಅರಸೀಕೆರೆಯ ಸಹಕಾರ ಸಂಘವಾಗಲಿ, ಇಂಥವನು ಹೊಕ್ಕರೆ ಏನೂ ಕಳೆದಿರುವುದಿಲ್ಲ. ಯಾರೂ ಬಳಸದ ಯಂತ್ರದ ಫ್ಯಾನು ಭೋರೆನ್ನುತ್ತದೆ, ಕೌಂಟರಿನೆದುರು ಸಾಲು ಬೆಳೆಯುತ್ತದೆ, 'ಸರ್ವರ್ ಸ್ಲೋ' ಎಂಬ ಉತ್ತರ ಸಿಗುತ್ತದೆ. ಸರ್ವರ್ ನಿಧಾನವಾಗಲು ನೂರು ಕಾರಣವಿರುವುದರಿಂದಲೇ ಇವನು ನೆಮ್ಮದಿಯಾಗಿರುತ್ತಾನೆ.

ಹಾಗಾಗಿ ಇಲ್ಲಿ ಬೇಕಾದದ್ದು ನೀರುಗಂಟಿಯ ಲೆಕ್ಕ. ಯಾವ ಯಂತ್ರ ಸಾಮಾನ್ಯವಾಗಿ ಎಷ್ಟು ದುಡಿಯುತ್ತದೆ, ರಾತ್ರಿ ಯಾವ ವಿಳಾಸದೊಡನೆ ಮಾತಾಡುತ್ತದೆ ಎಂದು ಒಬ್ಬರು ಬರೆದಿಡಬೇಕು. ತೇಪೆಗಳನ್ನು ತಡಮಾಡದೆ ಹಾಕುವುದು, ಪುಕ್ಕಟೆ ಸಿಕ್ಕ ಕಳ್ಳಪ್ರತಿಗಳನ್ನು ದೂರವಿಡುವುದು, ಎಲ್ಲರ ಕೈಗೂ ಅಡ್ಮಿನ್ ಅಧಿಕಾರ ಕೊಡದಿರುವುದು ಉಳಿದ ಕೆಲಸ. 2022ರ ಆದೇಶದಂತೆ ಇಂಥ ನುಸುಳುವಿಕೆ ತಿಳಿದ 6 ಗಂಟೆಯೊಳಗೆ ಕೇಂದ್ರದ ಸರ್ಟ್-ಇನ್ ಸಂಸ್ಥೆಗೆ ವರದಿ ಮಾಡಬೇಕು. ಕಳ್ಳ ತಂತ್ರಾಂಶವನ್ನು ಅಳಿಸಿದರೆ ಕೆಲಸ ಮುಗಿಯದು; ಎಷ್ಟೋ ವೇಳೆ ಅದು ಮರುದಿನ ತಾನೇ ಮತ್ತೆ ಬಂದು ಕೂತಿರುತ್ತದೆ. ಯಾವ ತೂಬಿನಿಂದ ಬಂತೆಂದು ಹುಡುಕಿ ಮುಚ್ಚದಿದ್ದರೆ, ಇಂದು ಲೆಕ್ಕ ಮಾಡಿಸಿಕೊಂಡವನ ದಾರಿಯಲ್ಲೇ ನಾಳೆ ಕಡತಗಳಿಗೆ ಬೀಗ ಜಡಿದು ಹಣ ಕೇಳುವವನು ಬರುತ್ತಾನೆ.