ಸಿಗ್ನಲ್ ಜಂಪ್ ದಂಡ: ತಕರಾರಿನ ಕ್ರಮ

ಕೆಂಪು ದೀಪವಿದ್ದಾಗ ಸ್ಟಾಪ್ ಲೈನ್ ದಾಟಿದ್ದಕ್ಕೆ ಬಂದ ದಂಡದ ನೋಟಿಸನ್ನು ಒಪ್ಪಿಕೊಳ್ಳದೆ ಪೊಲೀಸರ ಮುಂದೆ ಅಥವಾ ನ್ಯಾಯಾಲಯದಲ್ಲಿ ಪ್ರಶ್ನಿಸುವ ವಿಧಾನ. ಭಾರತದಲ್ಲಿ ಇದಕ್ಕೆ ಆಧಾರ 1988ರ ಮೋಟಾರು ವಾಹನಗಳ ಕಾಯ್ದೆ ಮತ್ತು 1989ರ ಕೇಂದ್ರ ಮೋಟಾರು ವಾಹನಗಳ ನಿಯಮಗಳು. ಇಲ್ಲಿನ ವಿವರಣೆ ಮುಖ್ಯವಾಗಿ ಬೆಂಗಳೂರಿನ ಪದ್ಧತಿಗೆ ಸಂಬಂಧಿಸಿದೆ.

ಸಂಚಾರ ಸಂಕೇತಗಳನ್ನು ಪಾಲಿಸಬೇಕೆಂದು ಕಾಯ್ದೆಯ 119ನೇ ಸೆಕ್ಷನ್ ಹೇಳುತ್ತದೆ. ಪಾಲಿಸದವರಿಗೆ 177ನೇ ಸೆಕ್ಷನ್ ಪ್ರಕಾರ ಮೊದಲ ಸಲ 500 ರೂಪಾಯಿವರೆಗೆ, ಮತ್ತೆ ಸಿಕ್ಕಿಬಿದ್ದರೆ 1,500 ರೂಪಾಯಿವರೆಗೆ ದಂಡ. 2019ರ ತಿದ್ದುಪಡಿಯಿಂದಾಗಿ ಇದೇ ತಪ್ಪು ಅಪಾಯಕಾರಿ ಚಾಲನೆಯ 184ನೇ ಸೆಕ್ಷನ್ನಿನೊಳಗೂ ಬಂತು. ಅಲ್ಲಿ ಮೊದಲ ಅಪರಾಧಕ್ಕೇ 1,000ದಿಂದ 5,000 ರೂಪಾಯಿ ದಂಡ ಅಥವಾ ಆರು ತಿಂಗಳಿಂದ ಒಂದು ವರ್ಷ ಸೆರೆವಾಸ ಅಥವಾ ಎರಡೂ ಆಗಬಹುದು. ನೋಟಿಸ್ ಕೈಗೆ ಬಂದಾಗ ಮೊತ್ತಕ್ಕಿಂತ ಮೊದಲು ನೋಡಬೇಕಾದದ್ದು ಯಾವ ಸೆಕ್ಷನ್ ಹಾಕಿದ್ದಾರೆ ಎಂಬುದನ್ನು. ಬೆಂಗಳೂರಿನಲ್ಲಿ ಸಾಮಾನ್ಯವಾಗಿ ವಸೂಲು ಮಾಡುವುದು 500 ರೂಪಾಯಿ. ಇದು ಶಿಕ್ಷೆಯಲ್ಲ, 200ನೇ ಸೆಕ್ಷನ್ ಪ್ರಕಾರ ಆಗುವ ರಾಜಿ. ಹಣ ಕಟ್ಟಿದ ಕೂಡಲೇ ಪ್ರಕರಣ ಮುಗಿಯುತ್ತದೆ, ತಕರಾರು ಹೇಳುವ ದಾರಿಯೂ ಮುಚ್ಚುತ್ತದೆ.

ಹಿಂದೆ ಸಿಗ್ನಲ್ಲಿನ ಪಕ್ಕ ನಿಂತ ಪೇದೆಯ ಕಣ್ಣೇ ಸಾಕ್ಷಿಯಾಗಿತ್ತು. 2022ರ ಡಿಸೆಂಬರಿನಲ್ಲಿ ಬೆಂಗಳೂರಿನ 50 ಜಂಕ್ಷನ್‌ಗಳಲ್ಲಿ ನಂಬರ್ ಪ್ಲೇಟ್ ಓದುವ 250 ಕ್ಯಾಮೆರಾಗಳೂ ಕೆಂಪು ದೀಪ ದಾಟುವವರನ್ನು ಹಿಡಿಯುವ 80 ಕ್ಯಾಮೆರಾಗಳೂ ಕೆಲಸ ಶುರುಮಾಡಿದವು. ದೀಪ ಕೆಂಪಾದ ಮೇಲೆ ವಾಹನ ಸ್ಟಾಪ್ ಲೈನ್ ದಾಟಿದರೆ ಇಂಥ ಕ್ಯಾಮೆರಾ ಅದನ್ನು ಗುರುತಿಸಿ ಚಿತ್ರ ತೆಗೆಯುತ್ತದೆ. ದೀಪದ ಬಣ್ಣ, ಗೆರೆ, ವಾಹನ, ನಂಬರ್ ಇವು ನಾಲ್ಕೂ ಒಟ್ಟಿಗೆ ಕಾಣದ ಚಿತ್ರ ದುರ್ಬಲ ಸಾಕ್ಷ್ಯ. ಗೆರೆ ದಾಟಿ ಝೀಬ್ರಾ ಕ್ರಾಸಿಂಗ್ ಮೇಲೆ ನಿಂತ ಸ್ಕೂಟರಿನ ಒಂದೇ ಚಿತ್ರದಿಂದ ಅದು ಕೆಂಪಿನಲ್ಲಿ ದಾಟಿತೋ, ಹಸಿರಿನಲ್ಲಿ ದಾಟಿ ಮುಂದಿನ ವಾಹನಗಳ ಸಾಲಿನ ಹಿಂದೆ ಸಿಕ್ಕಿಕೊಂಡಿತೋ ಹೇಳಲಾಗದು.

ಕ್ಯಾಮೆರಾ ದಂಡಗಳ ಕಾನೂನು 136ಎ ಸೆಕ್ಷನ್ನಿನಲ್ಲೂ, 2021ರ ಆಗಸ್ಟಿನಲ್ಲಿ ಸೇರಿಸಿದ 167ಎ ನಿಯಮದಲ್ಲೂ ಇದೆ. ತಕರಾರು ಎತ್ತುವವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಈ ನಿಯಮವೇ. ಉಪಕರಣಕ್ಕೆ ಅನುಮೋದನೆಯ ಪ್ರಮಾಣಪತ್ರ ಇರಬೇಕು, ಅದನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು. ಕ್ಯಾಮೆರಾ ಇರುವ ಜಾಗದಲ್ಲಿ ಎದ್ದು ಕಾಣುವ ಎಚ್ಚರಿಕೆ ಫಲಕ ಇರಬೇಕು. ತಪ್ಪು ನಡೆದ 15 ದಿನಗಳೊಳಗೆ ನೋಟಿಸ್ ಕಳಿಸಬೇಕು, ಪ್ರಕರಣ ಮುಗಿಯುವವರೆಗೆ ವಿದ್ಯುನ್ಮಾನ ದಾಖಲೆಯನ್ನು ಕಾಪಾಡಬೇಕು. ತಪ್ಪನ್ನೂ ನಂಬರನ್ನೂ ತೋರಿಸುವ ಚಿತ್ರ, ದಿನ, ಹೊತ್ತು, ಸ್ಥಳ, ಉಲ್ಲಂಘಿಸಿದ ಸೆಕ್ಷನ್ ಇವೆಲ್ಲ ನೋಟಿಸಿನಲ್ಲಿರಬೇಕು. ಜೊತೆಗೆ ವಿದ್ಯುನ್ಮಾನ ಸಾಕ್ಷ್ಯದ ಪ್ರಮಾಣಪತ್ರವೂ ಬೇಕು. ಹಿಂದೆ ಇದು ಸಾಕ್ಷ್ಯ ಅಧಿನಿಯಮದ 65ಬಿ ಸೆಕ್ಷನ್ನಿನ ಪ್ರಕಾರ ಇತ್ತು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಅದರ ಜಾಗಕ್ಕೆ ಬಂದಿದೆ. ಮೂಲ ಉಪಕರಣವನ್ನೇ ಹಾಜರುಪಡಿಸದಿದ್ದರೆ ಈ ಪ್ರಮಾಣಪತ್ರ ಕಡ್ಡಾಯವೆಂದು ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ತೀರ್ಪಿತ್ತಿದೆ. ಅದು ಚುನಾವಣಾ ತಕರಾರಿನಲ್ಲಿ ಬಂದ ತೀರ್ಪು. ಆದರೂ ರಸ್ತೆ ಬದಿಯ ಕ್ಯಾಮೆರಾಕ್ಕೂ ಅದೇ ಅಳತೆ.

ತಕರಾರಿಗೆ ಕಾರಣಗಳು ಹಲವು. ಒಂದು ಅಕ್ಷರ ಅಥವಾ ಅಂಕಿಯನ್ನು ಯಂತ್ರ ತಪ್ಪಾಗಿ ಓದಿರಬಹುದು. ಬೇರೆಯವರು ನಿಮ್ಮ ನಂಬರನ್ನೇ ಹಾಕಿಕೊಂಡು ಓಡಾಡುತ್ತಿರಬಹುದು. ಚಿತ್ರದಲ್ಲಿರುವ ಗಾಡಿಯ ಬಣ್ಣ, ಮಾಡೆಲ್ ಬೇರೆಯಾಗಿದ್ದರೆ ವಾದ ಸುಲಭ, ಆದರೆ ನಕಲಿ ನಂಬರಿನ ಬಗ್ಗೆ ಪೊಲೀಸ್ ದೂರನ್ನೂ ಕೊಡಬೇಕು. ಮಾರಿದ ಗಾಡಿಯ ಆರ್.ಸಿ. ಹೆಸರು ಬದಲಾಯಿಸದೆ ಬಿಟ್ಟವರಿಗೆ ನೋಟಿಸ್ ಬರುತ್ತಲೇ ಇರುತ್ತದೆ, ಇದರಲ್ಲಿ ಪೊಲೀಸರನ್ನು ದೂರಿ ಫಲವಿಲ್ಲ. ಗಾಡಿ ಓಡಿಸಿದವರು ಬೇರೆಯಾಗಿದ್ದರೆ ಅವರು ಯಾರೆಂದು 133ನೇ ಸೆಕ್ಷನ್ ಪ್ರಕಾರ ಮಾಲೀಕರು ತಿಳಿಸಬೇಕು. ಆಂಬುಲೆನ್ಸಿಗೆ ದಾರಿ ಕೊಡಲು ಗೆರೆ ದಾಟಿದವರದು ಬೇರೆಯೇ ಪೇಚಾಟ: ದಾರಿ ಕೊಡದಿದ್ದರೆ 194ಇ ಸೆಕ್ಷನ್ ಪ್ರಕಾರ 10,000 ರೂಪಾಯಿ ದಂಡ, ಕೊಟ್ಟರೆ ಕ್ಯಾಮೆರಾದ ಕಣ್ಣಿಗೆ ಸಿಗ್ನಲ್ ಜಂಪ್. ಇಂಥ ದಂಡಗಳನ್ನು ಪರಿಶೀಲಿಸಿ ರದ್ದುಮಾಡುವುದಾಗಿ ಬೆಂಗಳೂರು ಸಂಚಾರ ಪೊಲೀಸರು ಹೇಳಿದ್ದಾರೆ.

ಹಳದಿ ದೀಪದ ಅವಧಿಯನ್ನು ಪ್ರಶ್ನಿಸುವವರು ಕಡಿಮೆ. ಗಂಟೆಗೆ 50 ಕಿ.ಮೀ. ವೇಗದ ಗಾಡಿ ಸೆಕೆಂಡಿಗೆ ಸುಮಾರು 14 ಮೀಟರ್ ಚಲಿಸುತ್ತದೆ. ಚಾಲಕ ಎಚ್ಚೆತ್ತು, ಹಿತವಾಗಿ ಬ್ರೇಕ್ ಹಾಕಿ ನಿಲ್ಲಲು 45 ಮೀಟರಿನಷ್ಟು ಬೇಕು. ಹಳದಿ ಎರಡೇ ಸೆಕೆಂಡ್ ಇದ್ದರೆ ಗೆರೆಯಿಂದ 28ರಿಂದ 45 ಮೀಟರ್ ದೂರದಲ್ಲಿರುವವರು ನಿಲ್ಲಲೂ ಆಗದೆ ದಾಟಲೂ ಆಗದೆ ಸಿಕ್ಕಿಕೊಳ್ಳುತ್ತಾರೆ. ಈ ಸಂದಿಗ್ಧದ ಲೆಕ್ಕವನ್ನು 1960ರಲ್ಲೇ ಗಾಜಿಸ್, ಹರ್ಮನ್ ಮತ್ತು ಮಾರಡುಡಿನ್ ಪ್ರಕಟಿಸಿದ್ದರು. ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಮ್ಯಾಟ್ಸ್ ಯಾರ್ಲ್‌ಸ್ಟ್ರಮ್ ಎಂಬವರು 2013ರಲ್ಲಿ ಹೆಂಡತಿಗೆ ಬಂದ ಕ್ಯಾಮೆರಾ ದಂಡದಿಂದ ಹೊರಟು, ತಿರುವಿಗೆ ವೇಗ ತಗ್ಗಿಸುವವರನ್ನು ಹಳೆಯ ಸೂತ್ರ ಲೆಕ್ಕಕ್ಕೆ ತೆಗೆದುಕೊಂಡಿಲ್ಲವೆಂದು ತೋರಿಸಿದರು. ಪರವಾನಗಿಯಿಲ್ಲದೆ ಎಂಜಿನಿಯರಿಂಗ್ ಮಾತಾಡಿದರೆಂದು ರಾಜ್ಯದ ಮಂಡಳಿ ಅವರಿಗೇ 500 ಡಾಲರ್ ದಂಡ ಹಾಕಿತು! 2018ರಲ್ಲಿ ಫೆಡರಲ್ ನ್ಯಾಯಾಲಯ ಅವರ ಪರ ತೀರ್ಪಿತ್ತಿತು, 2020ರಲ್ಲಿ ಅಲ್ಲಿನ ಸಾರಿಗೆ ಎಂಜಿನಿಯರುಗಳ ಸಂಸ್ಥೆ ತನ್ನ ಮಾರ್ಗಸೂಚಿಯನ್ನೇ ಪರಿಷ್ಕರಿಸಿತು.

ಬೆಂಗಳೂರಿನಲ್ಲಿ ಮೊದಲ ಮೆಟ್ಟಿಲು ಸಂಚಾರ ಪೊಲೀಸರದೇ. ನೋಟಿಸಿನ ಸಂಖ್ಯೆ, ಆರ್.ಸಿ., ಗಾಡಿಯ ಫೋಟೊ ಜೊತೆಗಿಟ್ಟು ಅವರ ಅಸ್ತ್ರಂ ಆ್ಯಪ್‌ನಲ್ಲಿ ಅಥವಾ ಇನ್‌ಫೆಂಟ್ರಿ ರಸ್ತೆಯ ಸಂಚಾರ ನಿರ್ವಹಣಾ ಕೇಂದ್ರದಲ್ಲಿ ದೂರು ಕೊಡಬಹುದು. ತಪ್ಪು ನಂಬರಿನಂಥ ನೇರ ಪ್ರಕರಣಗಳಿಗೆ ಇದಕ್ಕಿಂತ ಹತ್ತಿರದ ದಾರಿಯಿಲ್ಲ.

ಅಲ್ಲಿ ಬಗೆಹರಿಯದ್ದು ಟ್ರಾಫಿಕ್ ಕೋರ್ಟಿಗೆ ಹೋಗುತ್ತದೆ. 208ನೇ ಸೆಕ್ಷನ್ ಪ್ರಕಾರ ಸಣ್ಣ ಪ್ರಕರಣಗಳ ಸಮನ್ಸಿನಲ್ಲೇ ತಪ್ಪೊಪ್ಪಿ ಹಣ ಕಳಿಸುವ ಅವಕಾಶ ಇರುತ್ತದೆ. ಒಪ್ಪದವರು ಸ್ವತಃ ಇಲ್ಲವೇ ವಕೀಲರ ಮೂಲಕ ಹಾಜರಾಗಿ ತಪ್ಪು ಮಾಡಿಲ್ಲವೆಂದು ಹೇಳಬೇಕು. ಆಗ ಅಪರಾಧವನ್ನು ಸಾಬೀತುಪಡಿಸುವ ಹೊಣೆ ಪೊಲೀಸರದು. ದಾಖಲೆ ತಂದವರನ್ನು ಪಾಟೀಸವಾಲಿಗೆ ಒಳಪಡಿಸಬಹುದು. ಬರೀ ದಂಡವಷ್ಟೇ ಶಿಕ್ಷೆಯಾಗಿರುವ ಅಪರಾಧವಾದರೆ, ಅಂದರೆ 177ನೇ ಸೆಕ್ಷನ್ನಿನ ಪ್ರಕರಣವಾದರೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 514ನೇ ಸೆಕ್ಷನ್ ಪ್ರಕಾರ ಆರು ತಿಂಗಳೊಳಗೆ ನ್ಯಾಯಾಲಯ ಅದನ್ನು ವಿಚಾರಣೆಗೆ ತೆಗೆದುಕೊಂಡಿರಬೇಕು. 184ಕ್ಕೆ ಈ ಮಿತಿ ಒಂದು ವರ್ಷ. ವಿಳಂಬವನ್ನು ಮನ್ನಿಸುವ ಅಧಿಕಾರವೂ ನ್ಯಾಯಾಲಯಕ್ಕಿದೆ. ತಪ್ಪೊಪ್ಪಿಕೊಂಡವರಿಗೆ ಶಿಕ್ಷೆಯ ಪ್ರಮಾಣ ಮತ್ತು ಕಾನೂನುಬದ್ಧತೆ ಬಿಟ್ಟರೆ ಬೇರಾವ ವಿಷಯದಲ್ಲೂ ಮೇಲ್ಮನವಿ ಇಲ್ಲ.

ಇಷ್ಟೆಲ್ಲ ದಾರಿಯಿದ್ದೂ ಕೋರ್ಟಿನವರೆಗೆ ಹೋಗುವವರು ಬಹಳ ಇಲ್ಲ. 500 ರೂಪಾಯಿ ದಂಡಕ್ಕೆ ಒಂದು ದಿನದ ಕೂಲಿ, ವಕೀಲರ ಶುಲ್ಕ ಎರಡನ್ನೂ ಕಳೆದುಕೊಳ್ಳಲು ಯಾರು ಒಪ್ಪುತ್ತಾರೆ? ಅದಕ್ಕೂ ಮಿಗಿಲಾದ ಕಾರಣ ರಿಯಾಯಿತಿ. 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಶೇ. 50 ರಿಯಾಯಿತಿ ಘೋಷಿಸಿದಾಗ ಕೆಲವೇ ದಿನಗಳಲ್ಲಿ 100 ಕೋಟಿ ರೂಪಾಯಿಗೂ ಹೆಚ್ಚು ವಸೂಲಾಯಿತು. ಆಮೇಲೂ ಇಂಥ ರಿಯಾಯಿತಿಗಳು ಬಂದಿವೆ. ಬಾಕಿ ಕರಗಿಸಲು ಇದು ಒಳ್ಳೆಯ ಉಪಾಯವೇ. ಆದರೆ ತಪ್ಪು ಮಾಡದವರೂ ಅರ್ಧ ಹಣ ಕೊಟ್ಟು ಕೈತೊಳೆದುಕೊಳ್ಳುವುದರಿಂದ ಕ್ಯಾಮೆರಾದ ಸಾಕ್ಷ್ಯ ಪರೀಕ್ಷೆಗೆ ಒಳಗಾಗುವುದೇ ಇಲ್ಲ.

ದಂಡ ಸಣ್ಣದೆಂದು ಸುಮ್ಮನಿರುವವರು ಲೈಸೆನ್ಸಿನ ವಿಷಯ ಮರೆಯಬಾರದು. ಕೆಂಪು ದೀಪ ದಾಟಿದವರ ಚಾಲನಾ ಪರವಾನಗಿಯನ್ನು ಕನಿಷ್ಠ ಮೂರು ತಿಂಗಳು ಅಮಾನತು ಮಾಡಬೇಕೆಂದು ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲಿ ರಾಜ್ಯಗಳಿಗೆ ಸೂಚಿಸಿದೆ. ಅಮಾನತಿಗೆ ಮೊದಲು ಪರವಾನಗಿದಾರರ ಅಹವಾಲು ಕೇಳಬೇಕೆಂದು 19ನೇ ಸೆಕ್ಷನ್ ಹೇಳುತ್ತದೆ. ಆದೇಶ ಕೈಸೇರಿದ 30 ದಿನಗಳೊಳಗೆ ಅದರ ವಿರುದ್ಧ ಮೇಲ್ಮನವಿ ಸಲ್ಲಿಸಬಹುದು.