ಯೆಜ್ಡಿ ಮರಳಿ ಬಂತು, ಮೈಸೂರಿನ ಕೆಲಸ ಬರಲಿಲ್ಲ

ವಿಜಯಪುರದಿಂದ ಟಿಕೋಟಾ, ಬಬಲೇಶ್ವರ ಕಡೆ ಹೋಗುವ ರಸ್ತೆಯಲ್ಲಿ ಆ ಸದ್ದು ಕೇಳಿದರೆ ಸಾಕು, ಹಿರಿಯರು ತಿರುಗಿ ನೋಡದೆಯೇ ಹೇಳುತ್ತಾರೆ: "ಯೆಜ್ಡಿ ಬಂತ ನೋಡ್ರಿ."

ಆ ಗಾಡಿ ನಮ್ಮ ರಾಜ್ಯದ್ದೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜೆಕೊಸ್ಲೊವಾಕಿಯಾದ ಜಾವಾ ಬೈಕನ್ನು ಪರವಾನಗಿ ಪಡೆದು ತಯಾರಿಸತೊಡಗಿತು. ಮುಂದೆ ಅದರ ಹೆಸರು ಯೆಜ್ಡಿ ಆಯಿತು. 250 ಸಿಸಿ ಟೂ-ಸ್ಟ್ರೋಕ್ ಇಂಜಿನ್, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಕಿಕ್ಕಿಗೂ ಗೇರಿಗೂ ಒಂದೇ ಲಿವರ್.

1985ರಲ್ಲಿ ಜಪಾನಿ ತಂತ್ರಜ್ಞಾನದ ಹೀರೋ ಹೋಂಡಾ ಸಿಡಿ 100, ಯಮಹಾ ಆರ್‌ಎಕ್ಸ್ 100 ಬಂದವು. ಹಗುರ ಗಾಡಿ, ಕಡಿಮೆ ಪೆಟ್ರೋಲ್. ಮೇಲೆ ಹೊಗೆಯ ನಿಯಮವೂ ಬಿಗಿಯಾಯಿತು. 1996ರಲ್ಲಿ ಮೈಸೂರು ಕಾರ್ಖಾನೆಗೆ ಬೀಗ ಬಿತ್ತು.

ಮಹೀಂದ್ರಾ ಪಾಲಿರುವ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿಯನ್ನು ಮತ್ತೆ ತಂದಿತು. ಅಭಿಮಾನಿಗಳಲ್ಲಿ ಎರಡು ಮಾತು. "ರೂಪ ಅದ ಐತಿ, ದನಿ ಅದಲ್ಲ. ಮೊದಲ ಗಿಡದ ಬುಡಕ್ಕ ಕುಂತು ಬಿಚ್ಚಿ ಜೋಡಿಸ್ತಿದ್ವಿ, ಈಗ ಶೋರೂಮಿಗೇ ಹೋಗಬೇಕು" ಎನ್ನುತ್ತಾರೆ ಹಳಬರು. "ಪೆಟ್ರೋಲಿಗೆ ಆಯಿಲ್ ಕಲಸೋ ಕಾಟ ಇಲ್ಲ, ಬ್ರೇಕ್ ಗಟ್ಟಿ ಹಿಡಿತಾವ" ಎನ್ನುತ್ತಾರೆ ಹುಡುಗರು.

ಇಬ್ಬರ ಮಾತೂ ಖರೆ. ಆದರೆ ನಮಗೆ ಕಾಡುವುದು ಬೇರೆ. ಹೊಸ ಗಾಡಿ ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹೆಸರು ಮರಳಿತು, ಮೈಸೂರಿನವರ ಕೈಗೆ ಕೆಲಸ ಮರಳಲಿಲ್ಲ.

ನಿಮ್ಮ ಹಿತ್ತಲಲ್ಲಿ ಹಳೆಯ ಯೆಜ್ಡಿ ನಿಂತಿದ್ದರೆ ಗುಜರಿಗೆ ಹಾಕುವ ಮೊದಲು ಒಮ್ಮೆ ಯೋಚಿಸಿ. ಅದನ್ನು ಕಟ್ಟಿದ್ದು ನಮ್ಮವರೇ.